ಕಂಪ್ಯೂಟರ್ ಸೈನ್ಸ್ ಬಿಟ್ಟು ಎನ್ವಿರಾನ್‌ಮೆಂಟಲ್ ಇಂಜಿನಿಯರಿಂಗ್‌ಗೆ ಹೋಗಲಾ?

ಹೊಳೆದಂಡೆ:
ಶಿವಮೊಗ್ಗದಲ್ಲಿ ಸಿಎಸ್ ಓದುತ್ತಿದ್ದೇನೆ, ಮೊದಲ ವರ್ಷ ಮುಗಿಯುತ್ತಾ ಬಂತು. ಬ್ಯಾಕ್ (ಫೇಲಾದ ಪೇಪರ್) ಯಾವುದೂ ಇಲ್ಲ, ಆದರೆ ಕೋಡಿಂಗ್ ಲ್ಯಾಬ್ ಅಂದರೆ ಮೈ ಭಾರವಾಗುತ್ತದೆ. ನಮ್ಮೂರು ತೀರ್ಥಹಳ್ಳಿ ಕಡೆ. ಸುಗ್ಗಿಯಲ್ಲಿ ಅಡಿಕೆ ಬೇಯಿಸಿದ ಹಂಡೆ ತೊಳೆದ ನೀರು ಸೀದಾ ಹಳ್ಳಕ್ಕೆ, ಅಲ್ಲಿಂದ ತುಂಗೆಗೆ. ಇಲ್ಲಿ ಪೇಟೆಗೆ ಬಂದರೆ ಚರಂಡಿ ನೀರೂ ಅದೇ ಹೊಳೆಗೆ. ಬಾಯಲ್ಲಿ ಮಾತ್ರ ‘ಗಂಗಾ ಸ್ನಾನ, ತುಂಗಾ ಪಾನ’. ಇದನ್ನೇ ಓದೋಣ ಅನ್ನಿಸುತ್ತಿದೆ. ಅಪ್ಪ ಕೇಳಿದ್ದು ಒಂದೇ: ‘ಮೋರಿ ನೀರು ನೋಡೋದಕ್ಕೆ ಸಿಎಸ್ ಸೀಟು ಬಿಡ್ತೀಯಾ?’ ಏನು ಮಾಡಲಿ?

ಸಿವಿಲ್ ಮೇಷ್ಟ್ರು:
ಬಿಇಯಲ್ಲಿ ಎನ್ವಿರಾನ್‌ಮೆಂಟಲ್ ಅಂತಲೇ ಬ್ರಾಂಚ್ ಇರುವ ಕಾಲೇಜು ನಮ್ಮ ರಾಜ್ಯದಲ್ಲಿ ತೀರಾ ಕಡಿಮೆ. ಮೈಸೂರಿನ ಎಸ್‌ಜೆಸಿಇಯಲ್ಲಿ ಇದೆ. ಅದಕ್ಕೆ ಹೋಗಬೇಕಾದರೆ ಕಾಲೇಜೂ ಬದಲಾಗಬೇಕು. ನನ್ನ ಮಾತು ಕೇಳುವುದಾದರೆ ಸಿವಿಲ್‌ಗೆ ಬಾ. ಎರಡನೇ ವರ್ಷದ ಶುರುವಿನಲ್ಲಿ ಖಾಲಿ ಸೀಟು ಇದ್ದರೆ ಬ್ರಾಂಚ್ ಬದಲಿಸಬಹುದು, ಈಗ ಸಿವಿಲ್ ಸೀಟು ಖಾಲಿ ಉಳಿಯೋದೇ ಜಾಸ್ತಿ. ಕುಡಿಯುವ ನೀರು, ಕೊಳಚೆ ನೀರು ಎರಡೂ ಅದರ ಸಿಲಬಸ್‌ನಲ್ಲೇ ಬರುತ್ತವೆ. ಆಮೇಲೆ ಎಂಟೆಕ್ ಮಾಡು, ಸುರತ್ಕಲ್ ಎನ್‌ಐಟಿಯಲ್ಲಿ ಇದೆ. ಎಂಟೆಕ್ ಸೇರಲು ಬರೆಯುವ ಗೇಟ್ ಪರೀಕ್ಷೆಯಲ್ಲೂ 2021ರಿಂದ ಎನ್ವಿರಾನ್‌ಮೆಂಟಲ್‌ಗೇ ಬೇರೆ ಪೇಪರ್ ಇದೆ.

ಇನ್ನೊಂದು ವಿಷಯ ಯಾರೂ ಹೇಳಲ್ಲ. ಸರ್ಕಾರಿ ನೀರು ಸರಬರಾಜು ಕೆಲಸಗಳ ಜಾಹೀರಾತು ತೆಗೆದು ನೋಡು, ಅಸಿಸ್ಟೆಂಟ್ ಇಂಜಿನಿಯರ್‌ಗೆ ಸಾಮಾನ್ಯವಾಗಿ ‘ಸಿವಿಲ್’ ಅಂತ ಕೇಳಿರುತ್ತಾರೆ. ಹೆಸರು ಚೆಂದ ಇರುವ ಡಿಗ್ರಿ ಹಿಡಿದುಕೊಂಡು ಅರ್ಹತೆಯ ಪಟ್ಟಿಯಲ್ಲೇ ಇಲ್ಲ ಅಂದರೆ ಏನು ಮಾಡ್ತೀಯ?

ಎಸ್‌ಟಿಪಿ ಅಣ್ಣ:
ಮೇಷ್ಟ್ರು ಹೇಳಿದ್ದು ಸರಿ. ನಾನು ಎಸ್‌ಟಿಪಿಯಲ್ಲಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಪ್ಲಾಂಟ್‌ನಲ್ಲಿ ಇರುವವನು. ಆದರೆ ಮೊದಲು ಕೆಲಸ ಹೇಗಿರುತ್ತದೆ ಅಂತ ತಿಳಿದುಕೋ. ಕಾಡು, ಹೊಳೆ, ಹಕ್ಕಿ ಅಂದುಕೊಂಡು ಬರುವವರೇ ಜಾಸ್ತಿ, ಬಂದ ಮೇಲೆ ಸಿಗುವುದು ಪಂಪು, ಬ್ಲೋವರ್, ಕೆಸರು ಮತ್ತು ರಿಜಿಸ್ಟರ್. ನಾವು ಸಾಕುವುದು ಬ್ಯಾಕ್ಟೀರಿಯಾವನ್ನು. ಕೊಳಚೆಯನ್ನು ತಿನ್ನುವುದು ಅವು, ಅವಕ್ಕೆ ಗಾಳಿ ಊದಿ ಬದುಕಿಸಿಟ್ಟುಕೊಳ್ಳುವುದು ನಮ್ಮ ಕೆಲಸ. ರಾತ್ರಿ ಕರೆಂಟ್ ಹೋಗಿ ಜನರೇಟರ್ ಕೈಕೊಟ್ಟರೆ ಟ್ಯಾಂಕ್ ನಾರಲು ಶುರು.

ನಮ್ಮ ಕಡೆ ಮಳೆಗಾಲದ್ದೇ ಬೇರೆ ಕಥೆ. ಜನ ಸೂರಿನ ನೀರನ್ನು ಸುಮ್ನೆ ಒಳಚರಂಡಿಗೆ ಬಿಡುತ್ತಾರೆ, ಮ್ಯಾನ್‌ಹೋಲ್‌ನಿಂದಲೂ ನುಗ್ಗುತ್ತದೆ. ಜುಲೈನಲ್ಲಿ ಬರುವ ನೀರಿನ ರಭಸಕ್ಕೆ ಸಾಕಿದ ಬ್ಯಾಕ್ಟೀರಿಯಾವೆಲ್ಲ ಕೊಚ್ಚಿಹೋದರೆ ಮತ್ತೆ ಬೆಳೆಸಲು ವಾರಗಟ್ಟಲೆ ಬೇಕು. ನೀರಿನ ಕೊಳೆ ತಿನ್ನಲು ಬ್ಯಾಕ್ಟೀರಿಯಾಕ್ಕೆ ಎಷ್ಟು ಆಮ್ಲಜನಕ ಬೇಕು ಅಂತ ಅಳೆಯುವ ಬಿಒಡಿ ಟೆಸ್ಟ್‌ಗೋ, ಸ್ಯಾಂಪಲ್ಲನ್ನು 27 ಡಿಗ್ರಿಯಲ್ಲಿ ಮೂರು ದಿನ ಇಟ್ಟು ಕಾಯಬೇಕು, ಅಂದರೆ ಇವತ್ತಿನ ತಪ್ಪು ಗೊತ್ತಾಗುವುದು ಮೂರು ದಿನದ ನಂತರ. ಇದರಲ್ಲಿ ತಲೆ ಓಡಿಸಲು ಇಷ್ಟ ಇದ್ದರೆ ಬಾ. ಕೋಡಿಂಗ್ ಬೇಜಾರು ಅನ್ನೋ ಒಂದೇ ಕಾರಣಕ್ಕೆ ಬರಬೇಡ. ಶುರುವಿನ ಸಂಬಳ ಸಿಎಸ್‌ನವರಷ್ಟು ಇರಲ್ಲ, ಅದನ್ನು ಮನೆಯಲ್ಲಿ ಈಗಲೇ ಹೇಳಿಬಿಡು.

ಕುಂದಾದ್ರಿ ಮಂಜು:
ಇಬ್ಬರೂ ಸಿಎಸ್ ಬಿಡಿಸಲು ನಿಂತಿದ್ದೀರಲ್ಲ! ಪೈಪ್‌ಲೈನ್‌ಗೆ ಎಪಾನೆಟ್, ಮಳೆನೀರಿಗೆ ಸ್ವಿಮ್ (SWMM), ಎರಡೂ ಪುಕ್ಕಟೆ ಸಾಫ್ಟ್‌ವೇರ್. ಹೊಳೆ ನೀರಿನ ಸೆನ್ಸರ್ ಡೇಟಾ ನೋಡಲೂ ಜನ ಬೇಕು. ಇದ್ದಲ್ಲೇ ಇದ್ದು ಆ ಕಡೆ ತಿರುಗಬಹುದು ಅಲ್ವಾ?

ಸಿವಿಲ್ ಮೇಷ್ಟ್ರು:
ತಿರುಗಬಹುದು, ಆದರೆ ಸಿಎಸ್ ಡಿಗ್ರಿ ಇಟ್ಟುಕೊಂಡು ಎನ್ವಿರಾನ್‌ಮೆಂಟಲ್ ಎಂಟೆಕ್‌ಗೆ ಎಲ್ಲ ಕಡೆ ಸೇರಿಸಿಕೊಳ್ಳಲ್ಲ. ಅದೂ ಅಲ್ಲದೆ ಹುಡುಗನಿಗೆ ಕೋಡಿಂಗೇ ಆಗಲ್ಲ ಅಂತಿದ್ದಾನೆ, ಮತ್ತೆ ಡೇಟಾ ಕೊಟ್ಟರೆ?

ಹೊಳೆದಂಡೆ:
ಬ್ಯಾಕ್ಟೀರಿಯಾ ವಿಷಯ ಓದಿ ಆಸೆ ಜಾಸ್ತಿಯೇ ಆಯಿತು. ಎಸ್‌ಟಿಪಿ ಅಣ್ಣ, ರಜೆಯಲ್ಲಿ ಒಂದು ವಾರ ಪ್ಲಾಂಟ್ ನೋಡಲು ಬಿಡುತ್ತಾರಾ?

ಎಸ್‌ಟಿಪಿ ಅಣ್ಣ:
ಕಾಲೇಜಿನಿಂದ ಒಂದು ಪತ್ರ ತಾ. ಜುಲೈನಲ್ಲೇ ಬಾ, ಗಮ್‌ಬೂಟ್ ನಿನ್ನದೇ ಇರಲಿ.