ತಾಂಡಾ ಶಾಲೆಯ ನಲಿ-ಕಲಿ ತರಗತಿ: ಮೊದಲ ವರ್ಷದಲ್ಲಿ ಯಾವುದನ್ನು ಮೊದಲು ಹಿಡಿಯಬೇಕು?

ಪ್ರಶ್ನೆ: ಹೊಸ ಶಿಕ್ಷಕಿ, ಯಾದಗಿರಿ ಜಿಲ್ಲೆ

ಹಿರಿಯ ಶಿಕ್ಷಕ ಬಂಧುಗಳಿಗೆ ನಮಸ್ಕಾರಗಳು. ನಾನು ಬಳ್ಳಾರಿ ಕಡೆಯವಳು. ಡಿ.ಇಡಿ. ಮತ್ತು ಟಿಇಟಿ ಮುಗಿಸಿ, ಈ ಜೂನ್ ತಿಂಗಳಿನಿಂದ ಒಂದು ತಾಂಡಾದ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಶಾಲೆಗೆ ನಾವು ಇಬ್ಬರೇ ಶಿಕ್ಷಕರು. ಮುಖ್ಯ ಶಿಕ್ಷಕರು ನಾಲ್ಕು ಮತ್ತು ಐದನೆಯ ತರಗತಿಗಳ ಜೊತೆಗೆ ಬಿಸಿಯೂಟ, ಹಾಲು, ಮೊಟ್ಟೆಗಳ ಲೆಕ್ಕವನ್ನೂ ನೋಡಿಕೊಳ್ಳುತ್ತಾರೆ. ಒಂದರಿಂದ ಮೂರನೆಯ ತರಗತಿಯವರೆಗಿನ 26 ಮಕ್ಕಳ ನಲಿ-ಕಲಿ ಕೊಠಡಿ ನನ್ನ ಪಾಲಿನದು; ಮೂರೂ ತರಗತಿಗಳ ಮಕ್ಕಳು ಒಟ್ಟಿಗೆ ಕುಳಿತು, ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ ಇದು.

ಮಕ್ಕಳ ಮನೆಮಾತು ಲಂಬಾಣಿ. ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾರೆ, ಆದರೆ ಬಾಯಿ ಬಿಡುವುದಿಲ್ಲ. ಕಳೆದ ವಾರ ರೊಟ್ಟಿಯ ಚಿತ್ರ ತೋರಿಸಿ ಇದೇನೆಂದು ಕೇಳಿದಾಗ ಒಂದನೆಯ ತರಗತಿಯ ಹುಡುಗಿಯೊಬ್ಬಳು ಮೆಲ್ಲಗೆ “ಬಾಟಿ” ಎಂದಳು. ನಾನು “ಅಲ್ಲಮ್ಮ, ರೊಟ್ಟಿ” ಎಂದು ತಿದ್ದಿದೆ. ಸಂಜೆ ಗಂಟೆ ಹೊಡೆಯುವವರೆಗೂ ಅವಳು ಮತ್ತೆ ಮಾತಾಡಲಿಲ್ಲ. ಇದಲ್ಲದೆ, ಒಂದು ತಟ್ಟೆಯ (ಕಲಿಕಾ ಗುಂಪಿನ) ಮಕ್ಕಳ ಜೊತೆ ಕುಳಿತರೆ ಉಳಿದ ನಾಲ್ಕು ತಟ್ಟೆಗಳ ಮಕ್ಕಳು ಎದ್ದು ಓಡಾಡುತ್ತಾರೆ. ದೀಪಾವಳಿ ಕಳೆದ ಮೇಲೆ ಕಬ್ಬು ಕಡಿಯಲು ಹೋಗುವುದಾಗಿ ಕೆಲವು ಮನೆಯವರು ಈಗಲೇ ಹೇಳುತ್ತಿದ್ದಾರೆ. ಇಷ್ಟರ ನಡುವೆ ನಾನು ಒಳ್ಳೆಯ ಶಿಕ್ಷಕಿಯಾಗಿ ಬೆಳೆಯುವುದು ಹೇಗೆ ಎಂಬುದು ತಿಳಿಯದಾಗಿದೆ.

ಉತ್ತರ 1: ಶಿಕ್ಷಕರು, ವಿಜಯಪುರ ಜಿಲ್ಲೆ

ಮೇಡಂ, ಆ ಹುಡುಗಿ ಚಿತ್ರವನ್ನು ಸರಿಯಾಗಿ ಗುರುತಿಸಿ ತನ್ನ ಮಾತಿನಲ್ಲಿ ಉತ್ತರ ಕೊಟ್ಟಿದ್ದಳು. “ಹೌದು, ಬಾಟಿ; ಕನ್ನಡದಲ್ಲಿ ರೊಟ್ಟಿ” ಎಂದಿದ್ದರೆ ಸಾಕಿತ್ತು. ನೊಂದುಕೊಳ್ಳಬೇಡಿ, ನಾನೂ ಮೊದಲ ವರ್ಷವೆಲ್ಲ ಹೀಗೆಯೇ ತಿದ್ದುತ್ತಿದ್ದೆ. ಯಾಡಿ ಎಂದರೆ ತಾಯಿ, ಪಾಣಿ ಎಂದರೆ ನೀರು ಎಂಬುದನ್ನೆಲ್ಲ ನನಗೆ ಕಲಿಸಿದವರು ಬಿಸಿಯೂಟದ ಅಡುಗೆಯವರು. ದಿನಕ್ಕೆ ಎರಡು ಮೂರು ಪದಗಳಂತೆ ಅವರಿಂದ ಕೇಳಿ ತಿಳಿದುಕೊಂಡು, ಕನ್ನಡ ಅಕ್ಷರಗಳಲ್ಲಿ ಬರೆದು, ಪಕ್ಕದಲ್ಲೇ ಕನ್ನಡ ಪದವನ್ನೂ ಬರೆದು ಗೋಡೆಗೆ ಅಂಟಿಸಿ.

ಇನ್ನೊಂದು ಮಾತು ಹೇಳಲೇಬೇಕು. ನಲಿ-ಕಲಿಯಲ್ಲಿ ಅಕ್ಷರಗಳು ರ, ಗ, ಸ, ದ, ಅ ಎಂಬ ಕ್ರಮದಲ್ಲಿ ಆರಂಭವಾಗುವುದರಿಂದ, ಐದೇ ಅಕ್ಷರ ಕಲಿತ ಮಗುವೂ ಸರ, ದರ, ಅರಸ, ಅಗಸ, ಗರಗಸ ಎಂದು ಓದಬಲ್ಲದು. ಕನ್ನಡ ಮನೆಮಾತಿನ ಮಗುವಿಗೆ ಇದು ದೊಡ್ಡ ಅನುಕೂಲ. ಲಂಬಾಣಿ ಮನೆಮಾತಿನ ಮಗು ಮಾತ್ರ ಅರ್ಥ ತಿಳಿಯದೆಯೇ ಓದಿಬಿಡಬಹುದು. ನನ್ನ ತರಗತಿಯಲ್ಲಿ ಒಬ್ಬ ಹುಡುಗ “ಗರಗಸ” ಎಂದು ತಡವರಿಸದೆ ಓದಿದ. ಗರಗಸ ಎಂದರೆ ಯಾವುದಪ್ಪಾ ಎಂದು ಕೇಳಿದರೆ, ಕಾರ್ಡಿನ ಮೇಲಿನ ಅಕ್ಷರಗಳ ಮೇಲೆಯೇ ಬೆರಳಿಟ್ಟು ತೋರಿಸಿದ. ಮರುದಿನ ಬಡಗಿಯ ಮನೆಯಿಂದ ಗರಗಸವನ್ನೇ ತಂದು ಒಂದು ಕಟ್ಟಿಗೆ ಕೊಯ್ದು ತೋರಿಸಿದೆ. ಅಂದಿನಿಂದ ಯಾವ ಪದ ಓದಿಸಿದರೂ ಅದರ ವಸ್ತುವನ್ನೋ ಚಿತ್ರವನ್ನೋ ಅಭಿನಯವನ್ನೋ ಮುಂದಿಡದೆ ಆ ಕಾರ್ಡನ್ನು ಮುಗಿಯಿತೆಂದು ಗುರುತು ಮಾಡುವುದಿಲ್ಲ. ಮೊದಲ ವರ್ಷ ಇದೊಂದನ್ನು ಬಿಗಿಯಾಗಿ ಹಿಡಿಯಿರಿ ಎಂಬುದು ನನ್ನ ಕೋರಿಕೆ.

ಉತ್ತರ 2: ಹಿಂದೆ ಸಿಆರ್‌ಪಿ (ಅಕ್ಕಪಕ್ಕದ ಶಾಲೆಗಳ ಗುಂಪಾದ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ) ಆಗಿದ್ದವರು, ಧಾರವಾಡ ಜಿಲ್ಲೆ

ಮೇಲಿನ ಗುರುಗಳ ಮಾತನ್ನು ಪೂರ್ಣವಾಗಿ ಒಪ್ಪುತ್ತೇನೆ. ತಟ್ಟೆಗಳ ಗದ್ದಲದ ಬಗ್ಗೆ ಮಾತ್ರ ಒಂದಿಷ್ಟು ಸೇರಿಸುತ್ತೇನೆ. ಸ್ವಕಲಿಕೆಯ ತಟ್ಟೆಯಲ್ಲಿ ಮತ್ತು ಸಹಪಾಠಿಗಳ ಬೆಂಬಲದ ತಟ್ಟೆಗಳಲ್ಲಿ ಕುಳಿತ ಮಕ್ಕಳಿಗೆ ಮುಂದೇನು ಮಾಡಬೇಕೆಂದು ತಿಳಿಯದಿದ್ದಾಗಲೇ ಅವರು ಏಳುತ್ತಾರೆ. ಎರಡು ವಾರ ಪಾಠವನ್ನು ಸ್ವಲ್ಪ ತಡೆದು, ಕಲಿಕಾ ಏಣಿಯಲ್ಲಿ (ಕಲಿಕೆಯ ಹಂತಗಳನ್ನು ತೋರಿಸುವ ಪಟದಲ್ಲಿ) ತನ್ನ ಮೆಟ್ಟಿಲನ್ನು ನೋಡುವುದು, ಚಟುವಟಿಕೆಯ ಗುರುತಾದ ಲೋಗೋ ನೋಡಿ ಕಾರ್ಡು ತೆಗೆಯುವುದು, ಮುಗಿದ ಮೇಲೆ ಅದೇ ಜಾಗದಲ್ಲಿ ಇಡುವುದು, ಇಷ್ಟನ್ನೇ ರೂಢಿ ಮಾಡಿಸಿ. ಮೂರನೆಯ ತರಗತಿಯ ಮಕ್ಕಳು ಚಿಕ್ಕವರಿಗೆ ಲಂಬಾಣಿಯಲ್ಲೇ ವಿವರಿಸಿದರೆ ತಡೆಯಬೇಡಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಈ ಪದ್ಧತಿ ರೂಪುಗೊಂಡಾಗ ಆಂಧ್ರಪ್ರದೇಶದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದು ಕಾರ್ಡುಗಳನ್ನು ಬರೆದವರು ನಮ್ಮಂತಹ ಶಿಕ್ಷಕರೇ ಆಗಿದ್ದರು. ಆದ್ದರಿಂದ ನಿಮ್ಮ ತಾಂಡಾಕ್ಕೆ ಬೇಕಾದ ಪೂರಕ ಕಾರ್ಡುಗಳನ್ನು ನೀವೇ ಮಾಡಿಕೊಳ್ಳಲು ಹಿಂಜರಿಯಬೇಡಿ.

ವೃತ್ತಿಯಲ್ಲಿ ಬೆಳೆಯುವ ಬಗ್ಗೆ ಕೇಳಿದ್ದೀರಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿಪರ ಕಲಿಕೆಯನ್ನು ಹೇಳುತ್ತದೆ. ಆನ್‌ಲೈನ್ ತರಬೇತಿಯ ದೀಕ್ಷಾ ಪೋರ್ಟಲ್‌ನಲ್ಲಿ ವಿಡಿಯೊ ಓಡಲು ಬಿಟ್ಟು ಪ್ರಮಾಣಪತ್ರ ಪಡೆದರೆ ಗಂಟೆಗಳು ತುಂಬುತ್ತವೆಯೇ ಹೊರತು ತರಗತಿಯಲ್ಲಿ ಏನೂ ಬದಲಾಗುವುದಿಲ್ಲ. ಇದನ್ನು ನಾನು ನೋವಿನಿಂದಲೇ ಹೇಳುತ್ತಿದ್ದೇನೆ. ಅದರ ಬದಲು ಕ್ಲಸ್ಟರಿನ ಸಮಾಲೋಚನಾ ಸಭೆಗೆ ಪ್ರತಿ ತಿಂಗಳೂ ಒಂದು ಮಗುವಿನ ನೋಟ್‌ಪುಸ್ತಕವನ್ನು ತೆಗೆದುಕೊಂಡು ಹೋಗಿ, “ಈ ಮಗು ಇಲ್ಲಿ ಏಕೆ ನಿಂತಿದೆ” ಎಂದು ಕೇಳಿ. ಅಂಕಿಅಂಶ ಕೊಡುವುದರಲ್ಲೇ ಮುಗಿಯುತ್ತಿದ್ದ ಸಭೆ ಆ ಒಂದು ಪ್ರಶ್ನೆಯಿಂದ ಪಾಠದ ಕಡೆಗೆ ತಿರುಗಿದ್ದನ್ನು ನಾನು ಹಲವು ಬಾರಿ ಕಂಡಿದ್ದೇನೆ. ನಲಿ-ಕಲಿ ಚೆನ್ನಾಗಿ ನಡೆಯುವ ಹತ್ತಿರದ ಶಾಲೆಯಲ್ಲಿ ಒಂದು ದಿನ ಕುಳಿತು ನೋಡಲು ನಿಮ್ಮ ಸಿಆರ್‌ಪಿಯವರ ಮೂಲಕ ಅನುಮತಿ ಕೇಳಿ. ಶಿಕ್ಷಣ ಹಕ್ಕು ಕಾಯ್ದೆಯು ವಾರಕ್ಕೆ 45 ಗಂಟೆಗಳೆಂದು ಹೇಳುವಾಗ ಅದರಲ್ಲಿ ಪಾಠದ ತಯಾರಿಯನ್ನೂ ಸೇರಿಸಿದೆ. ತಯಾರಿಯ ಸಮಯವನ್ನು ದಾಖಲೆ ಬರೆಯುವುದಕ್ಕೆ ಬಿಟ್ಟುಕೊಡಬೇಡಿ.

ಉತ್ತರ 3: ಮೂರನೆಯ ವರ್ಷದ ಶಿಕ್ಷಕಿ, ಕಲಬುರಗಿ ಜಿಲ್ಲೆ

ಅಕ್ಕಾ, ವಲಸೆಯ ಬಗ್ಗೆ ಮಾತ್ರ ಬರೆಯುತ್ತೇನೆ. ಮೊದಲು ತಾಂಡಾದ ನಾಯಕರನ್ನೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರನ್ನೂ (ಎಸ್‌ಡಿಎಂಸಿ) ಕರೆದುಕೊಂಡು ಹೋಗಿ, ಅಜ್ಜ ಅಜ್ಜಿಯರಿರುವ ಮನೆಗಳಲ್ಲಿ ಮಕ್ಕಳನ್ನು ಬಿಟ್ಟು ಹೋಗುವಂತೆ ಕೇಳಿಕೊಳ್ಳಿ, ಕೆಲವರು ಒಪ್ಪುತ್ತಾರೆ. ಒಪ್ಪದವರ ಮಕ್ಕಳು ಹೊರಡುವ ಮೊದಲು, ಭಾಷೆ ಮತ್ತು ಗಣಿತದಲ್ಲಿ ಪ್ರತಿ ಮಗು ಏಣಿಯ ಯಾವ ಮೈಲುಗಲ್ಲಿನ (ಮೆಟ್ಟಿಲುಗಳ ಗುಂಪಿನ) ಯಾವ ಮೆಟ್ಟಿಲಲ್ಲಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನಿಂತಲ್ಲಿಂದಲೇ ಮುಂದುವರಿಸಬಹುದಾದ್ದರಿಂದ ಈ ಮಕ್ಕಳಿಗೆ ನಲಿ-ಕಲಿಯಷ್ಟು ಹೊಂದುವ ಪದ್ಧತಿ ಬೇರೊಂದಿಲ್ಲ. ಹಾಳೆಯನ್ನು ಹಾಜರಿ ಪುಸ್ತಕದೊಳಗೆ ಅಂಟಿಸಿ ಇಟ್ಟಿರಿ, ಮಗು ಹಿಂದಿರುಗಿದ ದಿನವೇ ಬೇಕಾಗುತ್ತದೆ.