ಉದ್ಯಾನದ ರಜಾ ಸಂಜೆ: ಆಯೋಜಕರಿಗೆ ಕೊಡುವ ಮನವಿಯ ಕುರಿತು

ಉದ್ಯಾನದ ಎದುರು ಸಾಲಿನ ನಿವಾಸಿ:
ಮಾನ್ಯರೇ, ರಜಾ ದಿನಗಳಲ್ಲಿ ನಮ್ಮ ಉದ್ಯಾನದಲ್ಲಿ ಸಂಗೀತ, ದೀಪಾಲಂಕಾರ ಮತ್ತು ಮಕ್ಕಳ ಚಟುವಟಿಕೆಗಳು ನಡೆಯುವುದು ಸಂತೋಷದ ವಿಷಯವೇ. ಆದರೆ ಕಳೆದ ಬಾರಿ ತಡರಾತ್ರಿಯವರೆಗೂ ಕಿಟಕಿಯ ಗಾಜುಗಳು ಅದುರುತ್ತಿದ್ದವು. ಮಕ್ಕಳಿಗಾಗಿಯೇ ಎಂದು ಏರ್ಪಡಿಸಿದ್ದ ಕಾರ್ಯಕ್ರಮದಲ್ಲಿ ಮಕ್ಕಳೇ ಕಿವಿ ಮುಚ್ಚಿಕೊಂಡು ಕುಳಿತಿದ್ದರು. ಕಾರ್ಯಕ್ರಮವನ್ನು ನಿಲ್ಲಿಸಬೇಕೆಂದು ನಾನು ಕೇಳುತ್ತಿಲ್ಲ. ಅದು ಹೇಗೆ ನಡೆಯಬೇಕೆಂದು ಈ ಬಾರಿ ನಾವು ಮೊದಲೇ ಲಿಖಿತವಾಗಿ ತಿಳಿಸೋಣ.

ಹಿಂಬದಿ ರಸ್ತೆಯ ನಿವಾಸಿ:
ಮನವಿಯಲ್ಲಿ ಅಂಕಿಗಳಿರಲಿ, ‘ಸದ್ದು ಹೆಚ್ಚು’ ಎಂದಷ್ಟೇ ಬರೆದರೆ ಯಾರೂ ಲೆಕ್ಕಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಮಕ್ಕಳ ಕಿವಿಗೆ ಸುರಕ್ಷಿತವಾದ ಮಿತಿ ವಾರಕ್ಕೆ 40 ಗಂಟೆ, ಅದೂ 75 ಡೆಸಿಬೆಲ್‌ನಲ್ಲಿ. ಸದ್ದು 3 ಡೆಸಿಬೆಲ್ ಏರಿದಂತೆಲ್ಲ ಈ ಅವಧಿ ಅರ್ಧಕ್ಕೆ ಇಳಿಯುವುದರಿಂದ, 90 ಡೆಸಿಬೆಲ್ ಸದ್ದಿನ ಸಂಗೀತದೆದುರು ಒಂದೂಕಾಲು ಗಂಟೆ ಕುಳಿತ ಮಗುವಿಗೆ ಇಡೀ ವಾರದ ಪಾಲು ಅಲ್ಲಿಗೇ ಮುಗಿಯುತ್ತದೆ.

ಮೂಲೆಮನೆಯವರು:
ಸದ್ದು ತಗ್ಗಿಸಿದರೆ ಹಿಂದೆ ಕುಳಿತವರಿಗೆ ಹಾಡು ಕೇಳಿಸುವುದಿಲ್ಲ, ಮತ್ತೆ ಜನ ಬರುವುದಾದರೂ ಹೇಗೆ? ವರ್ಷಕ್ಕೊಮ್ಮೆ ನಡೆಯುವ ಸಂಭ್ರಮವನ್ನು ಅಳತೆಗೋಲಿನಿಂದ ಕೊಲ್ಲಬಾರದೆಂದು ನನ್ನ ವಿನಂತಿ.

ಹಿಂಬದಿ ರಸ್ತೆಯ ನಿವಾಸಿ:
ತಮ್ಮ ಪ್ರಶ್ನೆ ಸರಿಯಾಗಿದೆ, ಆದರೆ ಅದಕ್ಕೆ ಉಪಾಯವಿದೆ. ಬಯಲಿನಲ್ಲಿ ಸ್ಪೀಕರ್‌ನಿಂದ ದೂರ ಇಮ್ಮಡಿಯಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್ ತಗ್ಗುತ್ತದೆ. ವೇದಿಕೆಯ ಪಕ್ಕದ ಎರಡು ದೊಡ್ಡ ಸ್ಪೀಕರ್‌ಗಳಿಂದಲೇ ಕೊನೆಯ ಸಾಲನ್ನು ತಲುಪಲು ಹೊರಟಾಗ ಮುಂದಿನ ಸಾಲಿನವರ ಕಿವಿಗೆ ಪೆಟ್ಟಾಗುತ್ತದೆ. ಅವುಗಳ ಬದಲು ಚಿಕ್ಕ ಸ್ಪೀಕರ್‌ಗಳನ್ನು ಮೈದಾನದುದ್ದಕ್ಕೂ ಹಂಚಿ, ಎತ್ತರದಲ್ಲಿಟ್ಟು, ಜನರತ್ತ ಬಾಗಿಸಿದರೆ ಎಲ್ಲರಿಗೂ ಹಿತವಾಗಿ ಕೇಳಿಸುತ್ತದೆ. ಗಾಜು ಅದುರಿಸುವುದು ತಗ್ಗು ಸ್ವರದ ನಾದ, ಅಂದರೆ ಬೇಸ್. ಅದು ಪರದೆಗೂ ತೆಳು ಗೋಡೆಗೂ ಜಗ್ಗುವುದಿಲ್ಲವಾದ್ದರಿಂದ ಬೇಸ್ ಅನ್ನು ಮೂಲದಲ್ಲೇ ಇಳಿಸಬೇಕು.

ಮಹಡಿ ಮನೆಯ ನಿವಾಸಿ:
ದೀಪಗಳ ಬಗ್ಗೆಯೂ ಸೇರಿಸಿ. ಹೊರಾಂಗಣಕ್ಕೆಂದೇ ತಯಾರಾದ, ಕನಿಷ್ಠ ಐಪಿ 44 ದರ್ಜೆಯ (ಅಂದರೆ ನೀರಿನ ಸಿಡಿತ ತಡೆಯಬಲ್ಲ) ಎಲ್‌ಇಡಿ ಸರಗಳನ್ನೇ ಬಳಸಲಿ. 30 ಮಿಲಿಆಂಪಿಯರ್ ಸೋರಿಕೆಗೇ ವಿದ್ಯುತ್ ಕಡಿತಗೊಳಿಸುವ ಸಾಧನವನ್ನು ಅಳವಡಿಸಲಿ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಬಾರಿ ಮಿನುಗುವ ದೀಪಗಳು ಬೇಡ, ಏಕೆಂದರೆ ಬೆಳಕಿನಿಂದ ಅಪಸ್ಮಾರ ಕೆರಳುವ ಮಕ್ಕಳಿಗೆ ಅವು ಅಪಾಯಕಾರಿ. ಮರಗಳಿಗೆ ಮೊಳೆ ಹೊಡೆಯಬಾರದು; ಕಾರ್ಯಕ್ರಮ ಮುಗಿದ ಮೇಲೆ ದೀಪಗಳನ್ನು ಆರಿಸಬೇಕು, ಹಕ್ಕಿಗಳಿಗೂ ನಮಗೂ ನಿದ್ದೆ ಬೇಕಲ್ಲವೇ?

ಒಬ್ಬ ತಾಯಿ:
ಮಕ್ಕಳು ನೋಡುತ್ತ ಕೂರುವುದಕ್ಕಿಂತ ತಾವೇ ಮಾಡುವ ಚಟುವಟಿಕೆಗಳು ಹೆಚ್ಚಿರಲಿ: ಮಣ್ಣಿನ ಗೊಂಬೆ, ಕಾಗದದ ದೀಪ, ವಾದ್ಯಗಳನ್ನು ಮುಟ್ಟಿ ನುಡಿಸುವ ಅವಕಾಶ. ಇವೆಲ್ಲ ಕತ್ತಲಾಗುವ ಮೊದಲೇ ನಡೆಯಲಿ. ಗದ್ದಲ ಸಹಿಸಲಾಗದ ಮಕ್ಕಳಿಗಾಗಿ ಸ್ಪೀಕರ್‌ಗಳಿಂದ ದೂರವಾದ ಒಂದು ಶಾಂತ ಮೂಲೆ ಅಗತ್ಯ. ನನ್ನ ಮಟ್ಟಿಗೆ ಇಡೀ ಮನವಿಯಲ್ಲಿ ಇದೇ ಮುಖ್ಯ. ತಪ್ಪಿಸಿಕೊಂಡ ಮಕ್ಕಳನ್ನು ಕರೆತರುವ ಜಾಗವನ್ನು ಆರಂಭದಲ್ಲೇ ಘೋಷಿಸಲಿ. ಮಗುವಿನ ಕೈಪಟ್ಟಿಯಲ್ಲಿ ಪೋಷಕರ ಫೋನ್ ಸಂಖ್ಯೆ ಒಳಮಗ್ಗುಲಲ್ಲಿರಲಿ, ಹೊರಗೆ ಹೆಸರು ಬರೆಯುವುದು ಬೇಡ.

ಮೂಲೆಮನೆಯವರು:
ಸ್ಪೀಕರ್‌ಗಳನ್ನು ಹಂಚಿಡುವುದಾದರೆ ನನ್ನ ಆಕ್ಷೇಪವಿಲ್ಲ, ನಾನೂ ಸಹಿ ಹಾಕುತ್ತೇನೆ.

ಗುಂಪಿನ ಸಂಚಾಲಕರು:
ಎಲ್ಲರಿಗೂ ವಂದನೆಗಳು. ಶನಿವಾರ ಕರಡನ್ನು ಇಲ್ಲಿ ಹಾಕುತ್ತೇನೆ, ಭಾನುವಾರ ಸಂಜೆಯೊಳಗೆ ತಿದ್ದುಪಡಿಗಳನ್ನು ತಿಳಿಸಿ. ಕಾರ್ಯಕ್ರಮದ ದಿನ ಡೆಸಿಬೆಲ್ ಮಾಪಕ ಹಿಡಿದು ಮುಂದಿನ ಸಾಲಿನಲ್ಲೂ ನಮ್ಮ ಕಿಟಕಿಗಳ ಬಳಿಯೂ ಅಳೆಯಲು ಇಬ್ಬರು ಬೇಕಾಗಿದ್ದಾರೆ. ಒಪ್ಪುವವರು ನನಗೆ ತಿಳಿಸಬೇಕಾಗಿ ವಿನಂತಿ.