ಅಪ್‌ಡೇಟ್: ಸೌದೆ ಸ್ಟೌವ್ ಈಗ ಬೆಳಗಿನವರೆಗೆ ಬಿಸಿ

ಊಟಿಯ ನಮ್ಮ ಮನೆಯ ಕಬ್ಬಿಣದ ಸೌದೆ ಸ್ಟೌವ್ ನಡುರಾತ್ರಿಗೇ ಆರಿಹೋಗುತ್ತದೆ, ಏನು ಮಾಡಲಿ ಎಂದು ಕೇಳಿದ್ದೆ. ಸ್ಟೌವ್‌ಗೆ ಗಾಳಿ ಬರುವ ಕಿಂಡಿ ಪೂರ್ತಿ ಮುಚ್ಚಿ ಎಂದರು ಕೆಲವರು, ಸೌದೆ ಒಣಗಿಸಿ ಎಂದರು ಉಳಿದವರು. ಎರಡನೆಯವರ ಮಾತೇ ಸರಿ. ಅವರಿಗೆ ಮನಸಾರೆ ಧನ್ಯವಾದ.

ಸೌದೆಯ ತೇವಾಂಶ 20%ಕ್ಕಿಂತ ಕೆಳಗಿರಬೇಕು. ಇಲ್ಲಿನ ಮಂಜು, ಮಳೆಯಲ್ಲಿ ಅದು ಸುಲಭವಲ್ಲ. ನೀಲಗಿರಿ ಮರವನ್ನು ಹಸಿಯಿದ್ದಾಗಲೇ ಸೀಳಿಬಿಡಿ, ಒಣಗಿದ ಮೇಲೆ ಕೊಡಲಿಗೂ ಬಗ್ಗುವುದಿಲ್ಲ. ಮೇಲೆ ತಗಡು ಹೊದಿಸಿ, ಪಕ್ಕಗಳನ್ನು ಗಾಳಿಗೆ ಬಿಡಿ.

ದೊಡ್ಡ ವ್ಯತ್ಯಾಸ ತಂದದ್ದು ಜೋಡಿಸುವ ರೀತಿ. ಮಲಗುವ ಮುಂಚೆ ಕೆಂಡವನ್ನೆಲ್ಲ ಬಾಗಿಲ ಕಡೆಗೆ ಎಳೆದು, ಹಿಂದೆ ದಪ್ಪ ತುಂಡುಗಳನ್ನು ಸಂದಿಲ್ಲದಂತೆ ಒತ್ತಿಡುತ್ತೇನೆ. ಬೆಂಕಿ ಮುಂದಿನಿಂದ ಹಿಂದಕ್ಕೆ ನಿಧಾನವಾಗಿ ತಿನ್ನುತ್ತಾ ಹೋಗುತ್ತದೆ. ಮೊದಲು ಗಾಳಿ ಪೂರ್ತಿ ತೆರೆದು, ತುಂಡುಗಳ ಮೈ ಕಪ್ಪಾದ ಮೇಲೆ ಹಂತಹಂತವಾಗಿ ತಗ್ಗಿಸುವುದು. ಕೆಳಗೆ ಒಂದು ಅಂಗುಲ ಬೂದಿ ಬಿಟ್ಟರೆ ಕೆಂಡ ಉಳಿಯುತ್ತದೆ.

ಸ್ಟೌವ್ ಬಾಗಿಲಿನ ಅಂಚಿನ ಸಂದಿ ಮುಚ್ಚುವ ಹಗ್ಗದ ಸೀಲನ್ನೂ ಬದಲಿಸಿದೆ. ಬಾಗಿಲಿಗೆ ಕಾಗದ ಸಿಕ್ಕಿಸಿ ಎಳೆದಾಗ ಸಲೀಸಾಗಿ ಬಂದರೆ ಅಲ್ಲಿ ಗಾಳಿ ನುಗ್ಗುತ್ತಿದೆ ಎಂದೇ ಅರ್ಥ.

ಗಾಳಿ ಪೂರ್ತಿ ಮುಚ್ಚುವವರಿಗೆ ನನ್ನ ಕಳಕಳಿಯ ಮಾತು: ಹೊಗೆಯಾಡುವ ಸೌದೆ ಚಿಮಣಿಯೊಳಗೆ ಕ್ರಿಯೋಸೋಟ್ ಎಂಬ ಡಾಂಬರಿನಂಥ ಜಿಡ್ಡು ಅಂಟಿಸುತ್ತದೆ, ಅದಕ್ಕೆ ಬೆಂಕಿ ಹತ್ತಬಹುದು. ಬೆಂಕಿಗೆ ಗಾಳಿ ಸಾಲದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯೇ ಇಲ್ಲ. ಮಕ್ಕಳು ಮಲಗುವ ಮನೆ, ಆ ಅನಿಲ ಪತ್ತೆಹಚ್ಚುವ ಅಲಾರಂ ಹಾಕಿಸಿ. ಡಿಸೆಂಬರ್‌ನ ಚಳಿ ಶುರುವಾಗುವ ಮೊದಲೇ ಚಿಮಣಿ ಉಜ್ಜಿಸಿ.